ಲಕೋಟೆ ಹೊತ್ತು ನಾನು ಮಾಡಿಸಿದ ರಾಜಿ

ಜಗಳವಾಡಿದವರು ಒಂದೇ ಮಾತಿಗೆ ಬಂದರೆ ನನಗೆ ಹಬ್ಬ. ನಮ್ಮ ಕೊಪ್ಪದಲ್ಲಿ ಗದ್ದೆ ನೀರಿನ ಸರದಿಗೆ ಗಲಾಟೆಯಾದರೆ ಮೊದಲು ಓಡುವವನು ನಾನೇ. ಈ ಮನೆಯಲ್ಲಿ ‘ಅವ್ನು ಒಪ್ಕಂಡವ್ನೆ ಕಣ್ಲಾ’, ಆ ಮನೆಯಲ್ಲಿ ‘ಇವ್ನೂ ಒಪ್ಕಂಡವ್ನೆ’ ಅನ್ನುತ್ತೇನೆ. ಎರಡೂ ಸುಳ್ಳು. ಸಂಜೆಯೊಳಗೆ ಎರಡೂ ನಿಜವಾಗಿರುತ್ತವೆ! ಹತ್ತನೇ ಕ್ಲಾಸು ದಾಟದ ನನಗೆ ಬರುವ ವಿದ್ಯೆ ಇದೊಂದೇ. ಅದನ್ನು ತಂಗಿಯ ಓದಿನ ಮೇಲೂ ಪ್ರಯೋಗಿಸಿದ್ದೇ ನನ್ನ ಪಾಪ.

ತಂಗಿ ಸವಿತಾ ದೂರಶಿಕ್ಷಣದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಮನೆಯಲ್ಲೇ ಓದುವವರಿಗೆ ಏನು ಬೇಕೆಂದು ತಿಳಿದವರನ್ನು ಕೇಳಬೇಕು. ಎಲ್ಲರ ಉತ್ತರ ಒಟ್ಟು ಮಾಡಿ, ಹೆಸರು ಹೇಳದೆ ಮತ್ತೆ ಅವರಿಗೇ ಕಳಿಸಬೇಕು. ಹೀಗೆ ಸುತ್ತಿನ ಮೇಲೆ ಸುತ್ತು ಕೇಳಿ ಒಮ್ಮತ ಎಷ್ಟಿದೆಯೆಂದು ನೋಡಬೇಕು. ಉಳಿದವರು ಫೋನಿನಲ್ಲೇ ಉತ್ತರಿಸಿದರು. ಭಾರತೀನಗರದ ನಿವೃತ್ತ ಮೇಷ್ಟ್ರು, ಮಳವಳ್ಳಿಯ ಮೇಡಂ ಮಾತ್ರ ಕಾಗದವೇ ಬೇಕೆಂದರು. ನಾನು ಬೈಕು ಹತ್ತಿದೆ.

“ಒಬ್ರು ಬರ್ದಿದ್ದು ಇನ್ನೊಬ್ರಿಗೆ ಗೊತ್ತಾಗ್ಬಾರ್ದು ಕಣಣ್ಣ. ಲಕೋಟೆ ಕೊಟ್ಟು ಬಾಯ್ ಮುಚ್ಕಂಡು ಬಾ” ಅಂದಿದ್ದಳು ತಂಗಿ.

ಆದರೆ ಇಬ್ಬರೂ ಗಟ್ಟಿಯಾಗಿ ಓದಿಕೊಂಡೇ ಬರೆದರೆ ನಾನೇನು ಕಿವಿ ಕಿತ್ತಿಡಲೇ? ಭಾನುವಾರ ಎದುರು ಕೂರಿಸಿ ಪಾಠ ಮಾಡಲೇಬೇಕು ಎಂದರು ಮೇಷ್ಟ್ರು. ಫೋನಿನ ಪಾಠವೇ ಸಾಕು ಎಂದರು ಮೇಡಂ. ಎರಡನೇ ಸುತ್ತಿಗೆ ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಮೇಷ್ಟ್ರೇ, ಫೋನ್ ಪಾಠ್ವೇ ಸಾಕು ಅಂತಿದ್ದ ಮಳವಳ್ಳಿ ಮೇಡಮ್ಮೋರು ನಿಮ್ ಮಾತ್ಗೆ ಒಪ್ಕಂಡವ್ರೆ. ನೀವೂ ಒಸಿ ಬುಟ್ಕೊಡಿ.”

“ಔದಾ? ಆಯಮ್ಮನೇ ಅಷ್ಟು ದೊಡ್ಡ ಮನ್ಸು ಮಾಡವ್ರೆ ಅಂದ್ಮೇಲೆ ನಂದೇನ್ ಬುಡಯ್ಯ!” ಎಂದು ಮೇಷ್ಟ್ರು ಫೋನಿನ ಪಾಠಕ್ಕೆ ಗುರುತು ಹಾಕಿದರು. ಮಳವಳ್ಳಿಯಲ್ಲೂ ಅದೇ ಮಂತ್ರ ಹಾಕಿದೆ. ಮೇಡಂ ಭಾನುವಾರಕ್ಕೆ ಒಪ್ಪಿದರು. ಜಗಳ ಹಾಗೇ ಉಳಿಯಿತು, ಜಾಗ ಮಾತ್ರ ಅದಲುಬದಲಾಯಿತು!

ಲಕೋಟೆ ಒಡೆದ ಸವಿತಾ ಮಂಕಾದಳು. “ಇಬ್ರೂ ಪೂರಾ ಉಲ್ಟಾ ಹೊಡ್ದವ್ರೆ ಅಂದ್ರೆ ನನ್ ಪ್ರಶ್ನೆನೇ ಸರಿಯಿಲ್ಲ ಕಣಣ್ಣ” ಎಂದು ವರ್ಷವಿಡೀ ಕೂತು ಮಾಡಿದ ಪ್ರಶ್ನೆಪಟ್ಟಿಯನ್ನು ಹರಿಯಲು ಹೊರಟಳು. ನನಗೆ ತಡೆಯಲಾಗಲಿಲ್ಲ, ಎಲ್ಲ ಒಪ್ಪಿಕೊಂಡೆ.

“ಇದು ನಿನ್ ನೀರಿನ್ ಸರ್ದಿ ಏನಣ್ಣ? ಅವ್ರು ಒಪ್ದಿದ್ರೆ ಒಪ್ಲಿಲ್ಲ ಅಂತ್ಲೇ ಬರೀತೀನಿ. ಅದೂ ಒಂದ್ ಉತ್ರಾನೇ!”

ನಲವತ್ತು ವರ್ಷ ನನಗಿದು ಹೊಳೆದೇ ಇರಲಿಲ್ಲ!

ಇಬ್ಬರಿಗೂ ಫೋನು ಮಾಡಿ ಕ್ಷಮೆ ಕೇಳಿ, ಆ ಸುತ್ತನ್ನು ಹೊಸದಾಗಿ ನಡೆಸಿದಳು. ಈ ಸಲ ಲಕೋಟೆ ಕೊಟ್ಟು, ಬೀದಿಯಲ್ಲೇ ನಿಂತೆ. ಮೇಷ್ಟ್ರು ಭಾನುವಾರಕ್ಕೆ, ಮೇಡಂ ಫೋನಿಗೆ ವಾಪಸಾಗಿದ್ದರು. ಆದರೆ ಕೊನೆಯ ‘ಬೇರೆ ಸಲಹೆ’ ಸಾಲಿನಲ್ಲಿ ಇಬ್ಬರೂ ಒಂದೇ ಮಾತು ಬರೆದಿದ್ದರು: ಇನ್ನು ಮುಂದೆ ಅಂಚೆಯಲ್ಲಿ ಕಳಿಸಿ.

ಬಾಯಿ ಬಿಡದೆ ನಾನು ಮಾಡಿಸಿದ ಮೊದಲ ರಾಜಿ ಅದು.