ಮಾತಾಡದ ಹಲಗೆ

ಮರುದಿನ ಹೊಸ ಅಳಿಯ ಮೊದಲ ಹಬ್ಬಕ್ಕೆ ಬರುವವನಿದ್ದ. ವಕ್ಕಲೇರಿಯ ಹಾಲಿನ ಡೈರಿಯ ಕಾರ್ಯದರ್ಶಿ ಕೋದಂಡರಾಮಪ್ಪ ಅವನಿಗೆಂದೇ ಕಟ್ಟಿಸಿದ ಮಹಡಿ ಕೋಣೆಗೆ ಗೋಡೆಯಿತ್ತು, ಸೂರಿತ್ತು, ಅಡ್ಡತೊಲೆಗಳಿದ್ದವು. ಕಾಲಿಡಲು ನೆಲ ಮಾತ್ರ ಇರಲಿಲ್ಲ.

"ಗಟ್ಟಿ ಮರದ ಹಲಗೇನೇ ತನ್ನಿ. ಅಳಿಯಂದ್ರು ಓಡಾಡಿದ್ರೆ ಕಿರ್ ಅನ್ಬಾರ್ದು," ಎಂದು ಹೆಂಡತಿ ಆದಿಲಕ್ಷ್ಮಿ ಬೆಳಿಗ್ಗೆಯೇ ಬಸ್ಸು ಹತ್ತಿಸಿದಳು. ಕರೆಯದಿದ್ದರೂ ಪಕ್ಕದ ಮನೆಯ ಚನ್ನರಾಯಪ್ಪನೂ ಹತ್ತಿದ.

ಕೋಲಾರದ ಮರದ ಡಿಪೋದ ಹಿಂಭಾಗದಲ್ಲಿ ದೊಡ್ಡದೊಂದು ತಗಡಿನ ಶೆಡ್ಡು. ಹೊರಗೆ ಸುಡುವ ಬಿಸಿಲು; ಒಳಗೆ ಬಾವಿಯ ತಳದಂಥ ತಂಪು, ಮಬ್ಬು. ಹಲಗೆಗಳು ಸಾವಿನ ಮನೆಗೆ ಬಂದವರಂತೆ ಗೋಡೆಗೊರಗಿ ಸುಮ್ಮನೆ ನಿಂತಿದ್ದವು. ಕೋದಂಡರಾಮಪ್ಪ ತೇಗದ ಹಲಗೆಯೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಟಕ್, ಟಕ್.

ಒಂದು ಗಳಿಗೆ ಬಿಟ್ಟು ಆಚೆ ಮೂಲೆಯಿಂದ ಉತ್ತರ ಬಂತು. ಟಕ್, ಟಕ್, ಟಕ್.

"ಲೇ, ನೀನು ತಟ್ಟಿದ್ದು ಎರಡೇ ಕಣೋ," ಚನ್ನರಾಯಪ್ಪ ಪಿಸುಗುಟ್ಟಿದ.

ಕೋದಂಡರಾಮಪ್ಪನ ಬೆನ್ನ ಮೇಲೆ ಇರುವೆಯ ಸಾಲು ಹತ್ತಿದಂತಾಯಿತು. ಹೊನ್ನೆಯ ಹಲಗೆಯನ್ನು ತಟ್ಟಿದ. ಈ ಸಲ ಉತ್ತರ ಇನ್ನೂ ಹತ್ತಿರದಿಂದ ಬಂತು.

"ಏನಿಲ್ಲ ಸ್ವಾಮಿ, ಶೆಡ್ಡು ದೊಡ್ಡದು, ದನಿ ತಿರುಗಿ ಬರ್ತೈತೆ," ಎಂದ ಡಿಪೋದ ಅಶ್ವತ್ಥಪ್ಪ.

"ಗೋಡೆ ಆಚೆ ಏನೈತೆ?" ಚನ್ನರಾಯಪ್ಪ ಕೇಳಿದ.

"ಸ್ಮಶಾನ."

"ಕೇಳಿಸ್ತಾ? ಯಾವ ಮರಕ್ಕೆ ಯಾರು ನೇಣು ಹಾಕ್ಕೊಂಡಿದ್ರೋ! ಅಳಿಯನ್ನ ಅದರ ಮೇಲೆ ಮಲಗಿಸ್ತೀಯಾ?"

ಕೋದಂಡರಾಮಪ್ಪ ಬೆವರುತ್ತ ಒಂದೊಂದೇ ಹಲಗೆ ತಟ್ಟಿದ. ಒಂದೊಂದೂ ಉತ್ತರ ಕೊಟ್ಟಿತು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಹಲಗೆಗಳನ್ನು ತಟ್ಟಿದಾಗ ದೊಪ್ ಎಂದಿತು, ಅಷ್ಟೇ. ಯಾರೂ ಉತ್ತರಿಸಲಿಲ್ಲ.

"ಇವೇ ಕೊಡಿ!"

"ಅವು ಬೇಡ ಸ್ವಾಮಿ. ಒಳ್ಳೇ ಮರ ಆದ್ರೆ ತಟ್ಟಿದಾಗ ಮಾತಾಡ್ಬೇಕು."

"ಅಯ್ಯೋ, ಮಾತಾಡೋದೇ ಬೇಡ ಮಹರಾಯ!" ಕೋದಂಡರಾಮಪ್ಪ ಕೈ ಮುಗಿದ.

ಸಾಯಂಕಾಲದ ಹೊತ್ತಿಗೆ ಬಡಗಿ ಪೆದ್ದಪ್ಪ ಹಲಗೆ ಜೋಡಿಸಿದ. "ಮೊಳೆ ಬೆಣ್ಣೆಗೆ ಇಳಿದಂಗೆ ಇಳೀತೈತಲ್ಲಣ್ಣ," ಎಂದು ಮುಖ ಹುಳ್ಳಗೆ ಮಾಡಿಕೊಂಡೇ ಹೋದ.

ಕೆಳಗೆ ಆದಿಲಕ್ಷ್ಮಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಚನ್ನರಾಯಪ್ಪ ಬೀದಿಗೆಲ್ಲ ಹಂಚಿದ ಡಿಪೋದ ದೆವ್ವದ ಸುದ್ದಿಯನ್ನು ಎದುರು ಮನೆಯ ವೆಂಕಟರತ್ನಮ್ಮ ಅವಳ ಕಿವಿಗೆ ಸುರಿಯುತ್ತಿದ್ದಳು. ಕೋದಂಡರಾಮಪ್ಪ ಸದ್ದಿಲ್ಲದೆ ಒಬ್ಬನೇ ಮಹಡಿ ಹತ್ತಿದ. ಮುಸ್ಸಂಜೆಯ ಬೆಳಕು ಕಿಟಕಿಯಲ್ಲಿ ಸಾಯುತ್ತಿತ್ತು. ನಡೆದ, ನೆಲ ಕಿರ್ ಎನ್ನಲಿಲ್ಲ. ಖುಷಿಯಾಗಿ ನಟ್ಟನಡುವೆ ನಿಂತು ಹಿಮ್ಮಡಿಯಿಂದ ಒಮ್ಮೆ ಗುದ್ದಿದ.

ನೆಲ ಬಾಯಿ ಬಿಟ್ಟಿತು. ಗೆದ್ದಲು ತಿಂದ ಮರದ ಪುಡಿ ಮುಖಕ್ಕೆ ಹಾರಿತು, ಬಲಗಾಲು ತೊಡೆಯ ತನಕ ಇಳಿದುಹೋಯಿತು. ಸಿಕ್ಕಿಕೊಂಡ ಕಾಲನ್ನು ಎಳೆದುಕೊಳ್ಳಲು ಹೆಣಗುತ್ತಿದ್ದಾಗ ತಣ್ಣನೆಯ, ಒದ್ದೆಯಾದ ಏನೋ ಒಂದು ಕೆಳಗಿನಿಂದ ಅವನ ಪಾದವನ್ನು ಬಿಗಿಯಾಗಿ ಹಿಡಿಯಿತು. ಮರುಕ್ಷಣ ಮೊಣಕಾಲಿನ ಮೇಲೆ ರಪ್ಪೆಂದು ಏಟು ಬಿತ್ತು.

"ದೆವ್ವ ಕಣೇ ಆದಿಲಕ್ಷ್ಮೀ, ಕಾಲು ಇಳಿಬಿಟ್ಟೈತೆ!" ಕೆಳಗೆ ಒದ್ದೆ ಕೈಯಲ್ಲೇ ಸ್ಟೂಲು ಹತ್ತಿ ನಿಂತಿದ್ದ ವೆಂಕಟರತ್ನಮ್ಮ ಕಿರುಚಿದಳು. "ನಾನು ಹಿಡ್ಕೊಂಡಿದ್ದೀನಿ, ನೀನು ಒನಕೆಯಿಂದ ಬಾರ್ಸು!"

"ಅಯ್ಯಯ್ಯೋ, ನಾನು ಕಣೇ! ನಾನು!"

"ನೋಡ್ದಾ, ನಿನ್ನ ಗಂಡನ ದನೀಲೇ ಕೂಗ್ತೈತೆ! ಇನ್ನೆರಡು ಬಿಡು!"

ಆದಿಲಕ್ಷ್ಮಿ ನಾಲ್ಕು ಬಿಟ್ಟಳು.