ಮೂರು ಇಂಚು, ಮೂರು ಕೊಟೇಶನ್

ಯಮಧರ್ಮರಾಯನೇ ಬಂದು ಬಾಗಿಲು ತಟ್ಟಿದರೂ "ಇನ್ನಿಬ್ಬರ ಕೊಟೇಶನ್ ಎಲ್ಲಿ?" ಎಂದು ಕೇಳಿ ವಾಪಸು ಕಳಿಸುವ ಜನ ನನ್ನ ಚಿಕ್ಕಪ್ಪ. ಉತ್ಪ್ರೇಕ್ಷೆ ಎನ್ನುತ್ತೀರಾ? ತಿರುವನಂತಪುರದ ಪಟ್ಟಂನಲ್ಲಿರುವ ಅವರ ಮನೆಯ ಎರಡು ತೆಂಗಿನಮರಗಳಿಂದ ಕಾಯಿ ಕೀಳುವವನು ಕೂಡ ತನ್ನ ದರವನ್ನು ಕಾಗದದಲ್ಲಿ ಬರೆದು, ಕವರಿಗೆ ಹಾಕಿ, ಅಂಟಿಸಿ ಕೊಡಬೇಕು. ಬರೆಯಲು ಬರುವುದಿಲ್ಲ ಎಂದು ಅವನು ಕೈಮುಗಿದರೆ ಚಿಕ್ಕಪ್ಪನೇ ಅವನ ಪರವಾಗಿ ಬರೆದು, ಅಂಟಿಸಿ, ಆಮೇಲೆ ತಾವೇ ಗಂಭೀರವಾಗಿ ಕವರು ಒಡೆದು ಓದಿ, "ನಿನ್ನ ದರ ಜಾಸ್ತಿಯಾಯ್ತು" ಎಂದು ಅವನನ್ನೇ ಗದರಿಸುತ್ತಾರೆ!

ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಾಸರಗೋಡಿನಿಂದ ರಾಜಧಾನಿಗೆ ಹೋದವರು, ನಿವೃತ್ತರಾಗುವವರೆಗೆ ಸರಕಾರಿ ಕಚೇರಿಯೊಂದರ ಖರೀದಿ ವಿಭಾಗದಲ್ಲೇ ಕೂತರು. ಪೆನ್ಸಿಲಿನಿಂದ ಜನರೇಟರಿನವರೆಗೆ ಏನೇ ಕೊಳ್ಳುವುದಿದ್ದರೂ ಮೂರು ಕೊಟೇಶನ್, ಅದರಲ್ಲಿ ಕಡಿಮೆಯದ್ದಕ್ಕೆ ಆರ್ಡರು. ಬೀಳ್ಕೊಡುಗೆಯ ದಿನ ಕೊರಳಿಗೆ ಹಾರ ಬಿದ್ದಾಗ, "ಹೂವಿಗೆ ಕೊಟೇಶನ್ ಕರೆದಿದ್ರಿ ತಾನೆ?" ಎಂದು ಹಾರ ಹಾಕಿದವರ ಕಿವಿಯಲ್ಲಿ ಕೇಳಿದರಂತೆ. ಇದು ಚಿಕ್ಕಮ್ಮ ಹೇಳಿದ್ದು. ಚಿಕ್ಕಮ್ಮ ಸುಳ್ಳು ಹೇಳುವವರಲ್ಲ, ಸ್ವಲ್ಪ ಉಪ್ಪುಖಾರ ಸೇರಿಸುತ್ತಾರೆ ಅಷ್ಟೆ.

ನಿವೃತ್ತಿಯ ನಂತರ ಅವರ ಜೊತೆಯವರೆಲ್ಲ ಸಣ್ಣಸಣ್ಣ ಕಾರು ಕೊಂಡರು. ಇವರು ಹರಾಜಿನಲ್ಲಿ ಒಂದು ಹಳೇ ಪಿಕಪ್ ಹಿಡಿದರು. ಮುಂದೆ ಮೂವರು ಒತ್ತಿಕೊಂಡು ಕೂರುವ ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ. ನಾಲ್ಕು ಚಕ್ರಗಳಿದ್ದರೂ ಎಂಜಿನ್ನು ತಿರುಗಿಸುವುದು ಹಿಂದಿನ ಎರಡನ್ನು ಮಾತ್ರ. ಬೆಳ್ಳಗಿನ ಮುಂಡು ಉಟ್ಟು, ಹಣೆಗೆ ಗಂಧ ಇಟ್ಟು, ಆ ಪಿಕಪ್ಪಿನಲ್ಲಿ ಚಿಕ್ಕಪ್ಪ ಮದುವೆಮನೆಗಳಿಗೆ ಹೋದರೆ ಅಲ್ಲಿಯವರು ಬಾಳೆಎಲೆ ಬಂತೆಂದು ಹಿಂದಿನ ಬಾಗಿಲು ತೋರಿಸುತ್ತಿದ್ದರು. ಇವರಿಗೆ ಅದರಲ್ಲಿ ಅವಮಾನವೇ ಕಾಣುತ್ತಿರಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾಚಿಕೆಪಡುವ ಕೆಲಸ ನನ್ನದಾಗಿತ್ತು.

ನಾನು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬ್ಯಾಂಕಿನ ಅಧಿಕಾರಿ. ಆಗ ಬಡ್ತಿಯ ಮೇಲೆ ಕಣ್ಣಿಟ್ಟು, ಇಸ್ತ್ರಿ ಕೆಡದ ಹಾಗೆ ಕೂತು ಏಳುತ್ತಿದ್ದ ಕಾಲ. ಮಾನ ಎಂಬ ಒಂದು ವಸ್ತುವನ್ನು ಬಹಳ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ. ಮನೆ ಮಾತ್ರ ತಗ್ಗಿನ ಓಣಿಯಲ್ಲಿತ್ತು. ನಾಲ್ಕು ಹನಿ ಜೋರಾಗಿ ಬಿದ್ದರೆ ಓಣಿ ತುಂಬುತ್ತಿತ್ತು. ಆಟೋದವರು ತುದಿಯಲ್ಲೇ ತಿರುಗಿಸಿಕೊಂಡು ಹೋಗುತ್ತಿದ್ದರು.

ನನ್ನ ಹೆಂಡತಿ ಬಸುರಿ ಎಂಬ ಸುದ್ದಿ ಕೇಳಿ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಬಂದಿದ್ದರು. ಅವಳಿಗೂ ತಾಯಿ ಇಲ್ಲ, ನನಗೂ ಇಲ್ಲ. ಹಾಗಾಗಿ ಬಾಣಂತನಕ್ಕೆ ತಾನೇ ಬರುವುದೆಂದು ಚಿಕ್ಕಮ್ಮ ಅಂದೇ ತೀರ್ಮಾನಿಸಿದರು. ಆ ಸಂಜೆ ನವೆಂಬರಿನ ತುಲಾ ಮಳೆಯ ಕೊನೆಯ ಹೊಡೆತ. ನೋಡುತ್ತೇನೆ, ಚಿಕ್ಕಪ್ಪ ಮುಂಡು ಎತ್ತಿಕಟ್ಟಿ, ಗೇಟಿನ ಹೊರಗೆ ಮೊಣಕಾಲು ನೀರಿನಲ್ಲಿ ನಿಂತು, ಮರದ ಅಡಿಕೋಲು ಮುಳುಗಿಸಿ ಮುಳುಗಿಸಿ ನೋಡುತ್ತಿದ್ದಾರೆ! ಎದುರುಮನೆಯವರು ಬಾಲ್ಕನಿಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು.

"ಚಿಕ್ಕಪ್ಪ, ಒಳಗೆ ಬನ್ನಿ, ಜನ ನೋಡ್ತಿದ್ದಾರೆ" ಎಂದೆ.

"ನೋಡ್ಲಿ ಮಾರಾಯ. ಸಾಕ್ಷಿ ಇದ್ರೆ ಒಳ್ಳೇದು" ಎಂದರು.

ತಿರುವನಂತಪುರಕ್ಕೆ ಮರಳಿದ ಚಿಕ್ಕಪ್ಪ ವಾರದೊಳಗೆ ಫೋನ್ ಮಾಡಿದರು. "ಪಿಕಪ್ಪನ್ನು ಮೂರು ಇಂಚು ಎತ್ತರ ಮಾಡ್ಬೇಕು. ಕಮ್ಮಿ ಖರ್ಚಿನಲ್ಲಿ. ಕೊಚ್ಚಿಯಿಂದ ಎರಡು ಕೊಟೇಶನ್ ನೀನು ತರಿಸು. ಇಲ್ಲಿಂದ ಒಂದು ನಾನು ತೆಗೀತೇನೆ."

ಆ ಒಂದಕ್ಕಾಗಿ ಅವರು ಹೋದದ್ದು ಕಳಕ್ಕೂಟಂಗೆ. ಐಟಿ ಪಾರ್ಕಿನ ಹುಡುಗರು ಭಾನುವಾರ ಜೀಪು ಹತ್ತಿ ಗುಡ್ಡ ಏರುತ್ತಾರಲ್ಲ, ಅವರ ಗಾಡಿಗಳನ್ನು ಎತ್ತರ ಮಾಡುವ ವರ್ಕ್‌ಶಾಪ್ ಅಲ್ಲಿತ್ತು. ಕಿವಿಗೆ ಓಲೆ ಹಾಕಿದ ಮೆಕ್ಯಾನಿಕ್, ಗಾಡಿ ಎತ್ತರಿಸುವ ವಿದೇಶಿ ಬಿಡಿಭಾಗಗಳ ಕಿಟ್ಟಿನ ಚಿತ್ರಪುಸ್ತಕ ತೆರೆದು, ಪಿಕಪ್ಪಿನ ಕೆಳಗೆ ಬಗ್ಗಿ ನೋಡಿ, ಕರುಣೆಯಿಂದ ಹೇಳಿದನಂತೆ: "ಅಂಕಲ್, ಇದು ಫೋರ್ ಬೈ ಫೋರ್ ಅಲ್ಲಲ್ಲೋ! ಇದನ್ನು ಎತ್ತರಿಸಿ ಎಲ್ಲಿ ಹತ್ತಲಿಕ್ಕೆ?" ಕಿಟ್ಟಿನ ದರ ಹರಾಜಿನಲ್ಲಿ ಪಿಕಪ್ಪಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಚಿಕ್ಕಪ್ಪ ಬೇಸರಿಸಲಿಲ್ಲ. ದುಬಾರಿ ಕೊಟೇಶನ್ ಒಂದಾದರೂ ಇದ್ದರೆ ಫೈಲಿಗೆ ಲಕ್ಷಣ ಎಂದು ಕವರಿನಲ್ಲಿ ಹಾಕಿಸಿಕೊಂಡು ಬಂದರು.

ಕೊಚ್ಚಿಯ ಎರಡನ್ನು ತರಲು ನಾನು ಪಟ್ಟ ಪಾಡೇನು ಕೇಳುತ್ತೀರಿ! ಲಾರಿಗಳ ಸ್ಪ್ರಿಂಗ್ ಪ್ಲೇಟು ಬಡಿಯುವ ಮುದುಕ ಮೇಸ್ತ್ರಿಯೊಬ್ಬ ಸಿಕ್ಕಿದ. ನಾನು ಟೈ ಕಟ್ಟಿಕೊಂಡು ಅವನ ಕುಲುಮೆಯೆದುರು ನಿಂತು "ಸೀಲ್ ಮಾಡಿದ ಕವರಿನಲ್ಲಿ ಕೊಡಬೇಕು" ಎಂದಾಗ ಅವನು ಸುತ್ತಿಗೆ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆದರೆ ಕೆಲಸ ಬಲ್ಲವನು. ಹಿಂದಿನ ಎರಡೇ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯಾದರೆ ಒಳ್ಳೆಯದೇ, ಮುಂದಿನ ಚಕ್ರಕ್ಕೆ ಬಲ ಸಾಗಿಸುವ ಸಾಮಾನು ಯಾವುದೂ ಇಲ್ಲ, ತೊಂದರೆಯೂ ಕಮ್ಮಿ, ಖರ್ಚೂ ಕಮ್ಮಿ ಎಂದ. ಹಿಂದೆ ಒಂದೊಂದು ಪ್ಲೇಟು ಹೆಚ್ಚಿಗೆ ಸೇರಿಸುವುದು, ಮುಂದೆ ಗಾಡಿಯ ಭಾರ ಹೊರುವ ಉದ್ದನೆಯ ಸರಳಿನ ಬೋಲ್ಟನ್ನು ಬಿಗಿ ಮಾಡಿ ಮೂತಿ ಎತ್ತುವುದು. ಇದಿಷ್ಟನ್ನು ಅವನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟ. ಮೂರನೆಯದು ಬೈಪಾಸಿನ ಬದಿಯ ಸಣ್ಣ ವರ್ಕ್‌ಶಾಪಿನದ್ದು. ದರ ಎಲ್ಲಕ್ಕಿಂತ ಕಡಿಮೆ.

"ಮೂರೇ ಇಂಚು ಯಾಕೆ ಸಾರೇ? ಎರಡು ಸಾಲದಾ?" ಎಂದು ಇಬ್ಬರೂ ಕೇಳಿದರು. ನಾನು ಚಿಕ್ಕಪ್ಪನನ್ನು ಕೇಳಿದೆ. "ಫೈಲಿನಲ್ಲಿ ಉಂಟು" ಎಂಬ ಉತ್ತರ ಬಂತು. ನನಗೆ ಆ ಫೈಲು ತೆರೆದು ನೋಡುವಷ್ಟು ಕುತೂಹಲ ಇರಲಿಲ್ಲ. ಈ ಪ್ರಹಸನ ನನ್ನ ಬ್ಯಾಂಕಿನವರ ಕಣ್ಣಿಗೆ ಬೀಳದೆ ಮುಗಿದರೆ ಸಾಕಿತ್ತು.

ಮೇ ಕೊನೆಯ ವಾರ ಚಿಕ್ಕಮ್ಮನನ್ನು, ಬಾಣಂತಿಯ ಮದ್ದಿನ ಅರಿಷ್ಟದ ಬಾಟಲಿಗಳನ್ನು, ಎರಡು ಚೀಲ ಕುಚ್ಚಲಕ್ಕಿಯನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಚಿಕ್ಕಪ್ಪ ಬಂದಿಳಿದರು. ನಮ್ಮ ಊಟದ ಮೇಜಿನ ಮೇಲೆ ಟೆಂಡರು ತೆರೆಯುವ ಸಮಾರಂಭ. ಸಮಯ ಮಧ್ಯಾಹ್ನ ಮೂರು. ಕೊಟೇಶನ್ ಕೊಟ್ಟವರು ಯಾರಾದರೂ ಹಾಜರಿರಲು ಬಂದಾರು ಎಂದು ಮೂರೂಕಾಲರವರೆಗೆ ಕಾದರು. ಯಾರು ಬರುತ್ತಾರೆ ಹೇಳಿ? ತುಂಬು ಬಸುರಿ ನನ್ನ ಹೆಂಡತಿ ಮತ್ತು ಚಿಕ್ಕಮ್ಮ ಸಾಕ್ಷಿ ರುಜು ಹಾಕಿದರು. ಕಡಿಮೆ ದರದ ಬೈಪಾಸಿನವನಿಗೆ ಆರ್ಡರಾಯಿತು.

ಅವನು ಎರಡೇ ದಿನದಲ್ಲಿ ಕೆಲಸ ಮುಗಿಸಿದ. ಹಿಂದಿನ ಆ್ಯಕ್ಸಲಿಗೂ ಪ್ಲೇಟಿಗೂ ನಡುವೆ ದಪ್ಪನೆಯ ಕಬ್ಬಿಣದ ತುಂಡು ಇಟ್ಟು ಬಿಗಿದ, ಅಷ್ಟೆ. ಮುಂದೆ ಕೈಯೇ ಹಾಕಲಿಲ್ಲ! ಪಿಕಪ್ಪು ಬೆನ್ನು ಎತ್ತಿ, ಮೂತಿ ತಗ್ಗಿಸಿ, ಸಾಷ್ಟಾಂಗ ನಮಸ್ಕಾರಕ್ಕೆ ಹೊರಟಂತೆ ನಿಂತಿತ್ತು. ಹೆಡ್‌ಲೈಟು ಹಾಕಿದರೆ ಸ್ವಂತ ಚಕ್ರದ ಮುಂದಿನ ಇರುವೆಗಳು ಕಾಣುತ್ತಿದ್ದವು.

"ಅವನ ಹತ್ರ ಜಗಳ ಮಾಡಿ ಚಿಕ್ಕಪ್ಪ!" ಎಂದೆ.

"ಹೇಗೆ ಮಾಡುದು? ತಪ್ಪು ನನ್ನದೇ. 'ವಾಹನವನ್ನು ಮೂರು ಇಂಚು ಎತ್ತರಿಸುವುದು' ಅಂತ ಬರ್ದೆ, ಹಿಂದೆಯೂ ಮುಂದೆಯೂ ಅಂತ ಬರೀಲಿಲ್ಲ. ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ತಪ್ಪು ಮಾಡಿರ್ಲಿಲ್ಲ ನೋಡು" ಎಂದು ಮುಖ ಚಿಕ್ಕದು ಮಾಡಿಕೊಂಡರು.

"ನನ್ನನ್ನು ಅದಕ್ಕೆ ಹತ್ತಿಸ್ಲಿಕ್ಕೆ ಒಂದು ಕ್ರೇನಿಗೂ ಕೊಟೇಶನ್ ಕರೀರಿ" ಎಂದರು ಚಿಕ್ಕಮ್ಮ ಒಳಗಿನಿಂದ.

ಮರುದಿನವೇ ಚಿಕ್ಕಪ್ಪ ಎರಡು ಮೆಟ್ಟಿಲಿನ ಮರದ ಸ್ಟೂಲು ಮಾಡಿಸಿದರು. ಅದರ ಬದಿಗೆ ಬಿಳಿ ಬಣ್ಣದಲ್ಲಿ ನಂಬರು ಬೇರೆ! ಮನೆಯಲ್ಲಿ ಇರುವುದೇ ಒಂದು ಸ್ಟೂಲು, ನಂಬರು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೆಟ್ಟಿಲು ಮಾತ್ರ ಚಿಕ್ಕಮ್ಮನಿಗೆ ಬೇಕಾದ್ದಕ್ಕಿಂತ ಬಹಳ ಅಗಲವಾಗಿತ್ತು.

ಇನ್ನು ಹೇಳಬೇಕಾದ ಸಂಗತಿಯನ್ನು ನಗುತ್ತ ಬರೆಯಲು ನನಗೆ ಆಗುವುದಿಲ್ಲ. ಆ ವಾರ ವಲಯ ಕಚೇರಿಯಿಂದ ದೊಡ್ಡ ಅಧಿಕಾರಿಯೊಬ್ಬರು ನಮ್ಮ ಶಾಖೆಗೆ ಬಂದಿದ್ದರು. ಅವರನ್ನು ಕಾರಿಗೆ ಹತ್ತಿಸಲು ನಾನೂ ಮ್ಯಾನೇಜರೂ ಮೆಟ್ಟಿಲಿಳಿದು ಬರುತ್ತೇವೆ, ಎದುರಿಗೆ ಬೆನ್ನೆತ್ತಿದ ಪಿಕಪ್ಪು! ಚಿಕ್ಕಮ್ಮ ಪತ್ರೊಡೆ ಮಾಡಿದ್ದರು. ಬಿಸಿ ಇರುವಾಗಲೇ ಮಗನಿಗೆ, ಅಂದರೆ ನನಗೆ, ಮುಟ್ಟಿಸಬೇಕೆಂದು ಚಿಕ್ಕಪ್ಪ ಹೊರಟು ಬಂದಿದ್ದರು. ಟಿಫಿನ್ ಡಬ್ಬಿ ಹಿಡಿದು, ಮುಂಡು ಎತ್ತಿಕಟ್ಟಿ, ಹಲ್ಲು ಬಿಟ್ಟು ನಗುತ್ತ ನಿಂತಿದ್ದರು. ದೊಡ್ಡ ಅಧಿಕಾರಿ ಗಾಡಿಯನ್ನೂ ಅವರನ್ನೂ ನೋಡಿ ನಕ್ಕು, "ಯಾರಿದು?" ಎಂದು ಕೇಳಿದರು.

"ಡ್ರೈವರ್ ಸಾರ್. ಮನೆಗೆ ಸಾಮಾನು ತರುವವನು" ಎಂದೆ.

ತರುವವನು! ಬಹುವಚನ ಕೂಡ ಹುಟ್ಟಲಿಲ್ಲ ನನ್ನ ಬಾಯಲ್ಲಿ. ಅಪ್ಪ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಅಲ್ಲಿಂದ ಕಾಲೇಜು ಮುಗಿಯುವವರೆಗೆ ನನ್ನನ್ನು ಓದಿಸಿದವರು ಇವರು. ನಾನು ಹೇಳಿದ್ದು ಮಲಯಾಳದಲ್ಲಿ, ಅವರು ನಿಂತದ್ದು ಮೂರು ಹೆಜ್ಜೆ ದೂರದಲ್ಲಿ. ಕೇಳಿಸಲಿಲ್ಲ ಎಂದುಕೊಳ್ಳಲು ಕೂಡ ದಾರಿಯಿಲ್ಲ.

ಚಿಕ್ಕಪ್ಪ ಎತ್ತಿಕಟ್ಟಿದ ಮುಂಡನ್ನು ಕೆಳಗೆ ಬಿಟ್ಟರು. ಟಿಫಿನ್ ಡಬ್ಬಿಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, ಅದೇ ಮಲಯಾಳದಲ್ಲಿ, "ಸಾರ್, ಗಾಡಿ ಬದಿಗೆ ಹಾಕ್ತೇನೆ" ಎಂದರು. ಒಳ್ಳೆಯವರಾದ ನಮ್ಮ ಮ್ಯಾನೇಜರು ಡ್ರೈವರಿಗೊಂದು ಚಹಾ ಕೊಡಿಸಿದರು. ಚಿಕ್ಕಪ್ಪ ಸೆಕ್ಯೂರಿಟಿಯವನ ಸ್ಟೂಲಿನಲ್ಲಿ ಕೂತು ಅದನ್ನು ಕುಡಿದು, ಗ್ಲಾಸು ತೊಳೆದಿಟ್ಟು ಹೋದರು. ಪತ್ರೊಡೆಯ ಡಬ್ಬಿಯನ್ನು ನಾನು ತೆರೆಯದೆ ಮೇಜಿನ ಕೆಳಗಿಟ್ಟೆ.

ಮನೆಯಲ್ಲಿ ಅವರು ಯಾರಿಗೂ ಹೇಳಲಿಲ್ಲ. ನಾನು ಕ್ಷಮೆ ಕೇಳಬೇಕೆಂದು ಮೂರು ಸಲ ಅವರ ಹತ್ತಿರ ಹೋಗಿ, ಮೂರು ಸಲವೂ ಪೇಪರು ಓದಿದಿರಾ ಎಂದು ಕೇಳಿ ಬಂದೆ. ಅವರೋ, ಮುದುಕ ಮೇಸ್ತ್ರಿಗೆ ಪೂರಕ ಆರ್ಡರು ಕೊಟ್ಟು, ಮುಂದಿನ ಬೋಲ್ಟು ಬಿಗಿ ಮಾಡಿಸಿ, ಪಿಕಪ್ಪಿನ ಮೂತಿ ಎತ್ತಿಸಿದರು. ಆಮೇಲೆ ನನ್ನನ್ನು ಬ್ಯಾಂಕಿಗೆ ಬಿಡುವಾಗಲೆಲ್ಲ ನೂರು ಮಾರು ಈಚೆಗೇ ನಿಲ್ಲಿಸುತ್ತಿದ್ದರು. ಅದು ನನ್ನನ್ನು ಚುಚ್ಚಲಿಕ್ಕೆಂದು ಮಾಡಿದ್ದರೆ ಎಷ್ಟೋ ಆರಾಮವಿತ್ತು. ಅವರು ನಿಜವಾಗಿಯೂ ನನ್ನ ಅನುಕೂಲಕ್ಕೆಂದೇ ನಿಲ್ಲಿಸುತ್ತಿದ್ದರು.

ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೆಂಡತಿಗೆ ನೋವು ಶುರುವಾಯಿತು. ಓಣಿಯಲ್ಲಿ ನೀರು ಗೇಟಿನ ಅರ್ಧಕ್ಕೆ. ಟ್ಯಾಕ್ಸಿಯವನು ಓಣಿಯ ತುದಿಯವರೆಗೆ ಬಂದು ನೋಡಿ, ಎಂಜಿನ್ನಿಗೆ ನೀರು ನುಗ್ಗುತ್ತದೆಂದು ಫೋನಿನಲ್ಲೇ ಕೈಮುಗಿದ. ನಾನು ಮೊಬೈಲು ಹಿಡಿದು ಹುಚ್ಚನ ಹಾಗೆ ಓಡಾಡುವಾಗ ಚಿಕ್ಕಪ್ಪ ಸದ್ದಿಲ್ಲದೆ ಪಿಕಪ್ಪನ್ನು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿ, ನಂಬರು ಬರೆದ ಸ್ಟೂಲು ಇಟ್ಟರು. ಆ ಅಗಲದ ಮೆಟ್ಟಿಲಲ್ಲಿ ನನ್ನ ಹೆಂಡತಿ ಎರಡೂ ಪಾದ ಊರಿ, ಉಸಿರು ತೆಗೆದುಕೊಂಡು, ಆರಾಮವಾಗಿ ಹತ್ತಿದಳು. ಅವಳ ಪಕ್ಕ ಚಿಕ್ಕಮ್ಮ. ಕ್ಯಾಬಿನ್ನು ಭರ್ತಿ.

"ನೀನು ಹಿಂದೆ ಹತ್ತು" ಎಂದರು ಚಿಕ್ಕಪ್ಪ.

ಫಸ್ಟ್ ಗೇರಿನಲ್ಲಿ, ಒಂದೇ ಹದದಲ್ಲಿ, ಎಲ್ಲೂ ನಿಲ್ಲದೆ ಪಿಕಪ್ಪು ನೀರು ಸೀಳಿಕೊಂಡು ಹೋಯಿತು. ತೊಟ್ಟಿಯಲ್ಲಿ ನಿಂತ ನಾನು ಬಗ್ಗಿ ನೋಡಿದೆ. ನೀರು ಬಾಗಿಲಿನ ಕೆಳಅಂಚಿಗೆ ಬಂದು ನಿಂತಿತ್ತು. ಒಳಗೆ ಒಂದು ಹನಿ ಹೋಗಲಿಲ್ಲ. ಜಂಕ್ಷನ್ನಿನಲ್ಲಿ ನನ್ನ ಬ್ಯಾಂಕಿನ ಎದುರೇ ಸಿಗ್ನಲ್ ಬಿತ್ತು. ಮೆಟ್ಟಿಲ ಮೇಲೆ ಮ್ಯಾನೇಜರು. ತಲೆಯೆತ್ತಿ ನಿಂತೆ ಎಂದು ಬರೆಯಲು ಆಸೆಯಾಗುತ್ತದೆ. ಇಲ್ಲ, ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಆಗಲೂ!

ಆಸ್ಪತ್ರೆಯಲ್ಲಿ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದರು. ಚಿಕ್ಕಮ್ಮ ಜೊತೆಗೆ ಹೋದರು. ನರ್ಸು ಸ್ಕ್ಯಾನ್ ರಿಪೋರ್ಟ್ ಕೇಳಿದಾಗ ಚಿಕ್ಕಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಫೈಲು ತೆಗೆದು ನನ್ನ ಕೈಗೆ ಕೊಟ್ಟರು. ಅದೇ ಪಿಕಪ್ಪಿನ ಫೈಲು! ಹೆಂಡತಿಯ ಕಾಗದಗಳನ್ನೆಲ್ಲ ಅದರಲ್ಲೇ ಸೇರಿಸಿಟ್ಟಿದ್ದರು. ರಿಪೋರ್ಟಿಗಾಗಿ ತಿರುವುವಾಗ ಮೊದಲನೇ ಹಾಳೆ ಕಂಡಿತು. ಜೀವಮಾನವೆಲ್ಲ ಇಂಗ್ಲಿಷು, ಮಲಯಾಳದಲ್ಲಿ ಟಿಪ್ಪಣಿ ಬರೆದವರು ಇದನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದರು.

"ಹುಡುಗನ ಮನೆಯ ಗೇಟಿನಲ್ಲಿ ಮಳೆನೀರಿನ ಎತ್ತರ ಅಳೆಯಲಾಗಿದೆ. ವಾಹನದ ಬಾಗಿಲು ಅದಕ್ಕಿಂತ ಮೂರು ಇಂಚು ತಗ್ಗು. ಹೆರಿಗೆ ಕರ್ಕಾಟಕ ತಿಂಗಳಲ್ಲಿ (ಜುಲೈ). ಆಟೋ ಬರುವುದಿಲ್ಲ. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯತಕ್ಕದ್ದು."

ನಾನು ಓದಿದ್ದನ್ನು ಅವರು ಗಮನಿಸಲಿಲ್ಲ. ಕೌಂಟರಿನಲ್ಲಿ ಕೊಟ್ಟ ಫಾರಮ್ಮನ್ನು ಕನ್ನಡಕ ಏರಿಸಿ ತುಂಬಿಸುತ್ತಿದ್ದರು. ಫಾರಂ ತುಂಬಿಸುವುದೆಂದರೆ ಅವರಿಗೆ ಹಬ್ಬ. ಮುತ್ತಿನಂಥ ಅಕ್ಷರ, ಒಂದು ಕಾಲಮ್ಮೂ ಬಿಟ್ಟಿರಲಿಲ್ಲ. ರುಜು ಹಾಕಲೆಂದು ನನ್ನ ಕೈಗೆ ಕೊಟ್ಟರು. ಕರೆತಂದವರ ಹೆಸರು ಎಂಬಲ್ಲಿ ಅವರ ಹೆಸರು. ಸಂಬಂಧ ಎಂಬಲ್ಲಿ, ಇಂಗ್ಲಿಷಿನಲ್ಲಿ, "ಡ್ರೈವರ್."

"ಚಿಕ್ಕಪ್ಪ, ಇದೇನು?"

"ಯಾಕೆ? ನೀನು ಬ್ಯಾಂಕಿನಲ್ಲಿ ಹಾಗೇ ಹೇಳಿದ್ದಲ್ವಾ? ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇದ್ರೆ ನಾಳೆ ನಿನಗೇ ತೊಂದರೆ ಮಾರಾಯ" ಎಂದರು. ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಬಟ್ಟೆಯೆಲ್ಲ ಒದ್ದೆ, ಮುಂಡಿನ ಅಂಚಿನಿಂದ ಓಣಿಯ ಕೆಸರು ನೀರು ತೊಟ್ಟಿಕ್ಕುತ್ತಿತ್ತು.

ನನಗೆ ಅಳು ಬಂತು. ಕೌಂಟರಿನ ಎದುರು, ಅಷ್ಟು ಜನರ ನಡುವೆ, ಹತ್ತು ವರ್ಷದವನ ಹಾಗೆ ಅತ್ತೆ. ಆಮೇಲೆ ಪೆನ್ನು ತೆಗೆದುಕೊಂಡು ಆ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ "ಚಿಕ್ಕಪ್ಪ" ಎಂದು ಬರೆದೆ.

"ಇಲ್ಲಿ ಕನ್ನಡ ಯಾರು ಓದ್ತಾರೆ?" ಎಂದರು.

"ನೀವು ಓದ್ತೀರಲ್ಲ" ಎಂದೆ.

ಅವರು ಫಾರಮ್ಮನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ಆ ಒಂದು ಪದವನ್ನು ಓದಿದರು. ಕನ್ನಡಕ ತೆಗೆದು ಒದ್ದೆ ಮುಂಡಿನಲ್ಲೇ ಒರೆಸಿದರು. ಆಮೇಲೆ ಕಾಗದವನ್ನು ನನ್ನ ಕಡೆ ಸರಿಸಿ ಹೇಳಿದರು:

"ತಿದ್ದಿದ ಕಡೆ ಇನಿಶಿಯಲ್ ಹಾಕು."