ಲಕ್ಕಯ್ಯ ಯಾರ ಮಗ?

ಧನ್ಯಾಳ ನಿಶ್ಚಿತಾರ್ಥಕ್ಕೆ ಸೀರೆ, ಬೆಳ್ಳಿ ಬಟ್ಟಲು ಕೊಡುವವರು ಬೇಕಾದಷ್ಟು ಜನರಿದ್ದರು. ಎರಡೂ ಮನೆಗಳ ವಂಶವೃಕ್ಷ ಬರೆದುಕೊಡಬಲ್ಲವಳು ಇಡೀ ಹಾಸನ ಜಿಲ್ಲೆಯಲ್ಲಿ ನಾನೊಬ್ಬಳೇ! ಶಾಸನಗಳ ಮೇಲೆ ಪಿಎಚ್.ಡಿ. ಮಾಡಿ, ಇತಿಹಾಸ ಪಾಠ ಹೇಳಿ ನಿವೃತ್ತಳಾದವಳು. ಕಲ್ಲಿನ ಮೇಲೆ ಕೆತ್ತಿದ್ದನ್ನೂ ಎರಡು ಸಲ ಅನುಮಾನಿಸಿ ಓದುವವಳು. ಅಣ್ಣನ ಮೊಮ್ಮಗಳಿಗೆ ಇದಕ್ಕಿಂತ ಗಟ್ಟಿ ಉಡುಗೊರೆ ಇಲ್ಲವೆಂದು ಹೊರಟೆ.

ಮೊದಲು ಗಂಡಿನ ಕಡೆ. ಹುಡುಗ ಸುದರ್ಶನನ ತಾತ ಚನ್ನಪ್ಪನವರು ಅರಕಲಗೂಡಿನ ಹತ್ತಿರ ಶುಂಠಿ ಬೆಳೆಯುವವರು. ಮಾತಿಗಿಂತ ಮೀಸೆ ದೊಡ್ಡದು, ಮೀಸೆಗಿಂತ ವಂಶ ದೊಡ್ಡದು.

"ನಮ್ ತಾತ ಲಕ್ಕಯ್ಯ ಬಾಗೂರು ದೊಡ್ಮನೆಯೋರು ಕಣ್ ಮೇಡಮ್ಮೋರೆ. ಪುಟ್ಟಸ್ವಾಮಿಗೌಡ್ರ ಇರೀ ಮಗ. ತಮ್ಮನ ಜೊತೆ ಮಾತಿಗೆ ಮಾತು ಬಂತು, ಉಟ್ಟಬಟ್ಟೇಲಿ ಎದ್ದು ಈ ಕಡೆ ಬಂದ್ಬುಟ್ರು."

ನನ್ನ ಪೆನ್ನು ನಿಂತಿತು. ಬಾಗೂರಿನ ದೊಡ್ಡಮನೆ ಎಂದರೆ ನಮ್ಮದೇ. ಪುಟ್ಟಸ್ವಾಮಿಗೌಡರು ನನ್ನ ಮುತ್ತಜ್ಜ. ನಾವು ಹಾಸನ ಸೇರಿ ಎಷ್ಟೋ ಕಾಲವಾದ್ದರಿಂದ ಚನ್ನಪ್ಪನವರಿಗೆ ಅದು ತಿಳಿಯದು. ಕವಲೊಡೆದ ವಂಶ ಮತ್ತೆ ಕೂಡುತ್ತಿದೆ! ಇದನ್ನು ತುಂಬಿದ ಸಭೆಯಲ್ಲಿಯೇ ಘೋಷಿಸಬೇಕೆಂದು ಗುಟ್ಟು ನುಂಗಿಕೊಂಡು ಬಂದೆ.

ಮನೆಯಲ್ಲಿ ಅತ್ತಿಗೆ ಅನಸೂಯಮ್ಮನನ್ನು ಕೇಳಿದೆ. ಧನ್ಯಾಳ ಅಜ್ಜಿ, ಬಾಗೂರಿನ ಮನೆಗೆ ಸೊಸೆಯಾಗಿ ಬಂದವಳು.

"ನಮ್ಮಲ್ಲಿ ಲಕ್ಕಯ್ಯ ಅಂತ ಒಬ್ಬರಿದ್ದರಾ?"

"ಇದ್ರು. ಅವ್ರು ಅಳಿಯ ಅಲ್ವಾ? ಹೆಣ್ಣು ಕೊಟ್ಟು ಮನೇಲೇ ಇಟ್ಕೊಂಡಿದ್ರು ಅಂತ ನಮ್ಮತ್ತೆ ಹೇಳೋರು."

"ನಮ್ಮಮ್ಮ ಹೇಳಿದ್ದೆಲ್ಲ ಇತಿಹಾಸ ಆಗಲ್ಲ ಅತ್ತಿಗೆ."

"ಹಂಗಾರೆ ನನ್ನ ಯಾಕೆ ಕೇಳ್ದೆ?" ಎಂದು ಅವಳು ಅವರೆಕಾಯಿ ಸುಲಿಯತೊಡಗಿದಳು.

ಎರಡು ಮನೆಗಳ ಮನೆದೇವರು ಬೇರೆ ಬೇರೆ ಎಂಬ ಸಣ್ಣ ತೊಡಕೂ ಇತ್ತು. ಅದನ್ನು ಅಡಿಟಿಪ್ಪಣಿಗೆ ತಳ್ಳಿದೆ. ಘನವಾದ ಸತ್ಯದ ಮುಂದೆ ಸಣ್ಣ ತೊಡಕುಗಳು ಅಲ್ಲೇ ಇರಬೇಕು.

ಹೊಳೆನರಸೀಪುರದ ಛತ್ರದಲ್ಲಿ ನಿಶ್ಚಿತಾರ್ಥ. ವೀಳ್ಯದ ತಟ್ಟೆ ಬದಲಾಗುವ ಹೊತ್ತಿಗೆ ಸರಿಯಾಗಿ ನನ್ನ ವಂಶವೃಕ್ಷದ ಫ್ಲೆಕ್ಸ್ ಬಿಚ್ಚಿಸಿದೆ. ಆಳೆತ್ತರದ ಮರ! ಚಪ್ಪಾಳೆ ಬಿತ್ತು. ಹುಡುಗನ ತಾಯಿ ಪ್ರೇಮಕುಮಾರಿ ಕನ್ನಡಕ ಏರಿಸಿಕೊಂಡು ಕೊಂಬೆ ಕೊಂಬೆಗೂ ಬೆರಳಿಟ್ಟು ಓದಿದಳು.

"ಪುಟ್ಟಸ್ವಾಮಿಗೌಡ್ರು. ಈ ಕಡೆ ಮಗ ಲಕ್ಕಯ್ಯ, ಅವರ ಮಗ, ನಮ್ಮಾವ, ನಮ್ಮೆಜಮಾನ್ರು, ಸುದರ್ಶನ್. ಆ ಕಡೆ ಇನ್ನೊಬ್ಬ ಮಗ, ಕೆಳಗಿಳಿದ್ರೆ ಧನ್ಯಾ." ಬೆರಳು ನಿಂತಿತು. "ಅಂದ್ರೆ ಮೇಡಂ, ಇವರಿಬ್ರೂ ಅಣ್ಣ ತಂಗಿ ಆಗ್ಲಿಲ್ವಾ?"

ಬೇರಿನ ಮೇಲೇ ಕಣ್ಣಿಟ್ಟವಳು ನಾನು ಚಿಗುರಿನತ್ತ ನೋಡಿರಲಿಲ್ಲ. ಗಂಡುಮಕ್ಕಳ ಸಂತಾನವೆಲ್ಲ ಒಂದೇ ಕುಲ. ಎಷ್ಟು ತಲೆಮಾರು ದಾಟಿದರೂ ನಮ್ಮಲ್ಲಿ ಮದುವೆ ಕೂಡದು. ತಟ್ಟೆ ಹಿಡಿದವರು ತಟ್ಟೆ ಕೆಳಗಿಟ್ಟರು. ಓಲಗದವರೂ ನಿಲ್ಲಿಸಿದರು.

ಧನ್ಯಾ ನನ್ನ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು. "ಎರಡೂ ಮನೆಯವರನ್ನ ಒಪ್ಪಿಸೋಕೆ ನಾವೆಷ್ಟು ಒದ್ದಾಡಿದ್ವಿ ಗೊತ್ತಾ ಅಜ್ಜಿ? ನೀವು ಒಂದು ಫ್ಲೆಕ್ಸಲ್ಲಿ ಮುಗಿಸಿಬಿಟ್ರಿ."

ಆಗ ಅತ್ತಿಗೆ ಎದ್ದಳು. "ಅವತ್ತೇ ಅಂದೆ, ಲಕ್ಕಯ್ಯ ಮಗ ಅಲ್ಲ, ಮನೆಅಳಿಯ ಅಂತ. ಅಳಿಯ ಅಂದ್ಮೇಲೆ ಅವರ ಕುಲಾನೇ ಬೇರೆ. ನಮ್ಮನೆ ಹೆಣ್ಣುಮಗಳ ಸಂತಾನ ಈ ಹುಡುಗ. ಇದಕ್ಕಿಂತ ಒಳ್ಳೇ ಸಂಬಂಧ ಇನ್ನೆಲ್ಲಿ ಸಿಗುತ್ತೆ?"

ಎಲ್ಲರೂ ಉಸಿರು ಬಿಟ್ಟರು. ಚನ್ನಪ್ಪನವರು ಮಾತ್ರ ಶಲ್ಯ ಕೊಡವಿ ಎದ್ದು ನಿಂತರು.

"ಯಾರಮ್ಮ ಮನೆಅಳಿಯ? ಮಾವನ ಮನೆ ಮುದ್ದೆ ಮುರ್ಕಂಡು ಬಿದ್ದಿದ್ದೋರು ನಮ್ ವಂಸ್ದಲ್ಲಿ ಒಬ್ರೂ ಇಲ್ಲ."

"ಸರಿ, ಮಗಾನೇ ಅನ್ನಿ. ಹಾಕಿರೋ ಎಲೆ ಎತ್ತಿಸ್ತೀನಿ," ಎಂದಳು ಅತ್ತಿಗೆ.

ಸುದರ್ಶನ್ ತಾತನ ತೋಳು ಹಿಡಿದುಕೊಂಡ. "ತಾತ, ನಿಮ್ಮ ತಾತ ಮಾವನ ಮನೇಲಿ ಉಂಡಿದ್ದಕ್ಕೆ ನಾನು ಬ್ರಹ್ಮಚಾರಿ ಆಗ್ಬೇಕಾ?"

ಚನ್ನಪ್ಪನವರು ಮರ ನೋಡಿದರು, ಮೊಮ್ಮಗನನ್ನು ನೋಡಿದರು, ಕಂಬಕ್ಕೊರಗಿ ನಿಂತ ಧನ್ಯಾಳನ್ನು ನೋಡಿದರು. ಮೀಸೆಯ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು.

"ಊಂ ಕಣ್ಲಾ. ಮನೆಅಳಿಯಾನೇ. ಅತ್ತೆ ಕಾಟ ತಡೀನಾರ್ದೆ ಎಂಡ್ತೀನ ಕರ್ಕಂಡು ಓಡ್ಬಂದ್ರು. ಬಾಳ ದಿನ ಏನಿರ್ಲಿಲ್ಲ, ಒಂದೊರ್ಸ ಇದ್ದಿದ್ದು ಅಷ್ಟೆ. ಅದ್ನೂ ಬರ್ಕಳಿ."

ಕಾಟ ಕೊಟ್ಟ ಆ ಅತ್ತೆ ನನ್ನ ಮುತ್ತಜ್ಜಿ. ಅದನ್ನೂ ಅಡಿಟಿಪ್ಪಣಿಗೆ ತಳ್ಳಿದೆ. ಓಲಗ ಮತ್ತೆ ಶುರುವಾಯಿತು. ತಟ್ಟೆಗಳು ಕೈ ಬದಲಾದವು. ಧನ್ಯಾ ಸೀದಾ ಹೋಗಿ ಮೊದಲು ಚನ್ನಪ್ಪನವರ ಕಾಲಿಗೆ ಬಿದ್ದಳು. ಅವರು ಅವಳ ತಲೆ ಸವರುತ್ತಾ ಕನ್ನಡಕ ಒರೆಸಿಕೊಂಡರು.

ನಾನು ಮಾರ್ಕರ್ ಪೆನ್ನು ಹುಡುಕಿ ತಂದು, ಲಕ್ಕಯ್ಯನನ್ನು ಕೊಂಬೆಯಿಂದ ಕೀಳುವ ಮುನ್ನ ವೃತ್ತಿಧರ್ಮದಂತೆ ಕೇಳಿದೆ: "ಅಲ್ಲ ಚನ್ನಪ್ಪನವರೇ, ಇದಕ್ಕೆ ಆಧಾರ ಏನು?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸುಳ್ ಏಳ್ದಾಗ ತಲೆ ಆಡುಸ್ಕಂಡು ಬರ್ಕಂಡ್ರಿ. ಈಗ ನಿಜ ಏಳಿದ್ಕೆ ಆದಾರ ಕೇಳ್ತೀರಲ್ಲ ಮೇಡಮ್ಮೋರೆ?"